ಒಂದು ಬೊಗಸೆ ತೌಡು

ಅರಸೀಕೆರೆ ಸ್ಟೇಷನ್ನಿನ ಹಿಂದಿನ ಮಂಡಿ ಬೀದಿ ರೈಲು ಬಂದ ಮೇಲೆ ಹುಟ್ಟಿದ್ದು. ಕೊಬ್ಬರಿ ವ್ಯಾಪಾರದ ಲಿಂಗಾಯತರು, ರೈಲ್ವೆ ಕೆಲಸಕ್ಕೆ ಬಂದು ಉಳಿದ ತಮಿಳರು, ಗಿರವಿ ಅಂಗಡಿಯ ಮಾರವಾಡಿಗಳು, ಸಾಬರು, ಎಲ್ಲರ ಮನೆಗಳೂ ಗೋಡೆಗೆ ಗೋಡೆ ತಾಗಿಕೊಂಡಿದ್ದವು. ಒಬ್ಬರ ಬಚ್ಚಲ ನೀರು ಇನ್ನೊಬ್ಬರ ಬಾಗಿಲ ಮುಂದೆ ಹರಿಯುತ್ತಿತ್ತು. ಆ ಜಗಳಕ್ಕೂ ಬೀದಿಯಷ್ಟೇ ವಯಸ್ಸಾಗಿತ್ತು. ಇಷ್ಟಾದರೂ ಹಿಟ್ಟು ಬೀಸಿಸಲು ಎಲ್ಲರೂ ಬರುತ್ತಿದ್ದದ್ದು ಖಲಂದರ್ ಸಾಬರ ಗಿರಣಿಗೇ.

ತೊಂಬತ್ತೇಳರಲ್ಲಿ ಆ ಬೀದಿಗೆ ಲತಾಮಣಿ ಬಂದಳು. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಗಂಡ ದೇವರಾಜ್ ರೈಲ್ವೆಯಲ್ಲಿ ಗಾರ್ಡು. ಜಾತಿ ಕೇಳದೆ ಬಾಡಿಗೆಗೆ ಕೊಟ್ಟವನು ಮಾರವಾಡಿ ಒಬ್ಬನೇ, ಅದೂ ಮಹಡಿ ಮನೆ. ಗೋಡೆಗೆ ಬುದ್ಧನ ಪಟ ಹಾಕಿದರು. ಅತ್ತೆ ಮುತ್ತಮ್ಮ ಬಾಣಾವರದಿಂದ ಬಂದು ಜೊತೆಗಿದ್ದಳು. ಬೀದಿಯ ಹೆಂಗಸರು "ಯಾವ ಜನ?" ಅಂದಾಗ ಆಕೆ ಮುಚ್ಚುಮರೆ ಇಲ್ಲದೆ, "ಬಾಣಾವರದ ಕೇರಿಯೋರು ಕಣವ್ವ" ಅಂದುಬಿಟ್ಟಿದ್ದಳು.

ಗಿರಣಿಗೆ ಹೋಗುತ್ತಿದ್ದವಳು ಮುತ್ತಮ್ಮನೇ. ಒಂದು ಭಾನುವಾರ ರಾಗಿ, ಗೋಧಿ ಎರಡೂ ಇದ್ದದ್ದರಿಂದ ಲತಾಮಣಿಯೂ ಜೊತೆಗೆ ಹೋದಳು. ಮೊದಲು ಇವರ ರಾಗಿ ಬಿತ್ತು. ಮುಂದಿನ ಡಬ್ಬ ಸುವರ್ಣಮ್ಮನದು. ಕೊಬ್ಬರಿ ಮಂಡಿಯ ಗಂಗಾಧರಯ್ಯನವರ ಹೆಂಡತಿ ಆಕೆ. ಗಿರಣಿ ಇದ್ದ ಮಳಿಗೆಯೂ ಅವರದೇ.

"ಖಲಂದರ್, ತೌಡು ಬಿಟ್ಟು ಆಮೇಲೆ ನಮ್ಮದು ಹಾಕು," ಅಂದಳು ಸುವರ್ಣಮ್ಮ.

ಸಾಬರು ಚೀಲಕ್ಕೆ ಕೈ ಹಾಕಿ ಒಂದು ಬೊಗಸೆ ತೌಡು ತೆಗೆದು ಗಿರಣಿಯ ಬಾಯಿಗೆ ಸುರಿದರು. ಅದು ಬೀಸಿ ಹೊರಗೆ ಬಿದ್ದ ಮೇಲೆಯೇ ಸುವರ್ಣಮ್ಮನ ಗೋಧಿ ಹಾಕಿದರು.

"ಇದ್ಯಾಕೆ ಅತ್ತೆ?" ಲತಾಮಣಿ ಕೇಳಿದಳು.

"ನಮ್ಮದು ಬೀಸಿದ ಕಲ್ಲು ತೊಳೆಯಾಕೆ. ಯಾವಾಗ್ಲೂ ಹಂಗೇ ಮಾಡ್ತಾರೆ. ನೀನು ಸುಮ್ಕಿರು."

ಲತಾಮಣಿಯ ಕಿವಿ ಬಿಸಿಯಾಯಿತು. ಸುವರ್ಣಮ್ಮನ ಹಿಟ್ಟು ಮುಗಿಯುವವರೆಗೂ ಕಾದಳು. ಸಾಬರು ಇವರ ಗೋಧಿ ಡಬ್ಬ ಎತ್ತಿದಾಗ ಜೋರಾಗಿ ಹೇಳಿದಳು:

"ಸಾಬ್ರೇ, ಮೊದಲು ತೌಡು ಬಿಡಿ. ಆಮೇಲೆ ನಮ್ಮದು."

"ಯಾಕಮ್ಮಾ?"

"ಅವರಿಗೆ ಯಾಕೆ ಬಿಟ್ಟಿರೋ ಅದಕ್ಕೇ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸುವರ್ಣಮ್ಮನ ಮುಖ ಕೆಂಪಾಯಿತು. "ನಮ್ಮ ಹಿಟ್ಟು ಬಿದ್ದ ಕಲ್ಲು ನಿಂಗೆ ಮೈಲಿಗೆಯೇನೇ?"

"ಏನೇ ಅಂತೆಲ್ಲ ಅನ್ನಬೇಡಿ. ಸಾಬ್ರ ಕೈಯಲ್ಲಿ ಬೀಸಿದ್ದು ತಿಂತೀರ, ನಮ್ಮ ರಾಗಿ ಸೋಕಿದರೆ ಆಗಲ್ವಾ?"

ಖಲಂದರ್ ಸಾಬರು ಇಬ್ಬರನ್ನೂ ನೋಡಲಿಲ್ಲ. ತೌಡು ಬಿಟ್ಟರು. ಸುವರ್ಣಮ್ಮ ಹಿಟ್ಟಿನ ಡಬ್ಬ ಅಲ್ಲೇ ಬಿಟ್ಟು ಎದ್ದು ಹೋದಳು.

ಅಂದು ಸಂಜೆಯೇ ಗಂಗಾಧರಯ್ಯ ಗಿರಣಿಗೆ ಬಂದರು. ದನಿ ಏರಿಸಲಿಲ್ಲ. "ಆ ಟೀಚರಮ್ಮನ ಡಬ್ಬ ಇಲ್ಲಿ ಇಳಿಯಬಾರದು. ಇಳಿದರೆ ಮಳಿಗೆ ಖಾಲಿ ಮಾಡು," ಅಂದು ಹೋದರು.

ಮುಂದಿನ ವಾರ ಮುತ್ತಮ್ಮ ರಾಗಿ ಡಬ್ಬ ಹೊತ್ತುಕೊಂಡು ಹೋದವಳು ಹಾಗೆಯೇ ಹೊತ್ತುಕೊಂಡು ವಾಪಸು ಬಂದಳು. "ಕರೆಂಟಿಲ್ಲ ಅಂದ. ಮಿಷನ್ ಸದ್ದು ಬೀದಿಗೆಲ್ಲ ಕೇಳ್ತೈತೆ," ಅಂದು ಮೆಟ್ಟಿಲ ಮೇಲೆ ಕುಸಿದಳು. ಲತಾಮಣಿ ಅದೇ ಡಬ್ಬ ಎತ್ತಿಕೊಂಡು ಹೋಗಿ, ಗಿರಣಿಯ ಸ್ವಿಚ್ಚು ಆರಿಸಿ, ಡಬ್ಬವನ್ನು ಅದಕ್ಕೆ ಅಡ್ಡವಾಗಿ ಇಟ್ಟು ಅದರ ಮೇಲೆ ಕುಳಿತಳು.

"ನಂದು ಬೀಸೋವರೆಗೂ ಯಾರದೂ ಇಲ್ಲ."

ಜನ ಸೇರಿದರು. ಸ್ಕೂಲಿಗೆ ಹೊತ್ತಾಯಿತು, ಊಟಕ್ಕೆ ಹಿಟ್ಟಿಲ್ಲ ಎಂದು ಹೆಂಗಸರು ಬೈದದ್ದು ಅವಳನ್ನೇ. ತಮಿಳರ ಮುದುಕಿಯೊಬ್ಬಳು ಅವಳ ರಟ್ಟೆ ಹಿಡಿದು ಎಳೆದಳು. ಗಂಗಾಧರಯ್ಯ ಮಂಡಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

ಸಾಬರು ಕೈ ಮುಗಿದರು. "ಎದ್ದೇಳಮ್ಮಾ. ಬಾಗಿಲು ಹಾಕಿದ ಮೇಲೆ ನಾನೇ ಬೀಸಿ ಮನೆಗೆ ತಂದುಕೊಡ್ತೀನಿ."

"ಕದ್ದುಮುಚ್ಚಿ ಬೇಡ. ಈಗ ಬೀಸಿ. ಇಲ್ಲದಿದ್ದರೆ ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ. ಡಬ್ಬ ವಾಪಸು ಕಳಿಸಿದ್ದು ನೀವು. ಕಂಪ್ಲೇಂಟಿನಲ್ಲಿ ಮೊದಲ ಹೆಸರು ನಿಮ್ಮದೇ."

ಸಾಬರ ಮುಖ ಬಿಳುಚಿತು. ಗಂಗಾಧರಯ್ಯನವರ ಕಡೆ ಒಮ್ಮೆ ತಿರುಗಿದರು. ಆಮೇಲೆ ಲತಾಮಣಿ ಎದ್ದ ತಕ್ಷಣ ಡಬ್ಬ ಎತ್ತಿ, ರಾಗಿಯನ್ನೆಲ್ಲ ಒಂದೇ ಸಲಕ್ಕೆ ಸುರಿದು ಸ್ವಿಚ್ಚು ಒತ್ತಿದರು.

ಉಗಾದಿಗೆ ಮೊದಲೇ ಗಂಗಾಧರಯ್ಯ ಮಳಿಗೆ ಖಾಲಿ ಮಾಡಿಸಿದರು. ಸಾಬರ ತಂದೆಯ ಕಾಲದ ಗಿರಣಿಯನ್ನು ನಾಲ್ಕು ಜನ ಎತ್ತಿನ ಗಾಡಿಗೆ ಏರಿಸುತ್ತಿದ್ದಾಗ ಲತಾಮಣಿ ಕೆಳಗೆ ಇಳಿದು ಬಂದಳು.

"ಸಾಬ್ರೇ, ಈಗಲಾದರೂ ಅವರ ಮೇಲೆ ಕಂಪ್ಲೇಂಟ್ ಕೊಡೋಣ. ನಾನು ಸಾಕ್ಷಿ ಹೇಳ್ತೀನಿ."

ಸಾಬರು ಹಗ್ಗ ಬಿಗಿಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮದು ಅವರ ಜೊತೆ ಜಗಳ. ಹೆದರಿಸಿದ್ದು ನನ್ನನ್ನ. ಅವರೂ ನನ್ನನ್ನೇ ಹೆದರಿಸಿದರು. ನಿಮಗಿಬ್ಬರಿಗೂ ಸಿಕ್ಕಿದ್ದು ನಾನೊಬ್ಬನೇನಮ್ಮ?"

"ತೌಡು ಬಿಟ್ಟ ಕೈ ನಿಮ್ಮದೇ ಅಲ್ವಾ?"

"ಹೌದು," ಅಂದರು ಸಾಬರು. "ಈಗ ದಾರಿ ಬಿಡಿ."

ಮನೆಗೆ ಬಂದು ಅವಳು ಅತ್ತೆಯನ್ನು ಕೇಳಿದಳು, "ನಂದು ತಪ್ಪಾ?"

ಮುತ್ತಮ್ಮ ಅಕ್ಕಿ ಆರಿಸುತ್ತಿದ್ದಳು. "ನಿಂದು ತಪ್ಪಿಲ್ಲ ಕಣವ್ವ. ಆದ್ರೂ ಅವನ ಅಂಗಡಿ ಹೋಯ್ತಲ್ಲ."

ಬೀದಿ ಬಿಟ್ಟು ರೈಲ್ವೆ ಕ್ವಾರ್ಟರ್ಸಿಗೆ ಹೋಗೋಣ ಎಂದು ದೇವರಾಜ್ ಎಷ್ಟೋ ಸಲ ಹೇಳಿದ. ಲತಾಮಣಿ ಒಪ್ಪಲಿಲ್ಲ. ವರ್ಷಗಟ್ಟಲೆ ಅದೇ ಮಹಡಿಯಲ್ಲೇ ಇದ್ದಳು. ಅವಳು ಮೆಟ್ಟಿಲಿಳಿಯುವ ಸದ್ದಾದರೆ ಸುವರ್ಣಮ್ಮ ಕಿಟಕಿ ಹಾಕಿಕೊಳ್ಳುತ್ತಿದ್ದಳು. ಲತಾಮಣಿ ಬೇಕೆಂದೇ ಚಪ್ಪಲಿ ಸದ್ದು ಮಾಡುತ್ತ ಇಳಿಯುತ್ತಿದ್ದಳು. ಅದರಲ್ಲಿ ಅವಳಿಗೊಂದು ಖುಷಿಯಿತ್ತು. ಸಂತೆಯಲ್ಲಿ ಎದುರಾದಾಗ ಖಲಂದರ್ ಸಾಬರು ಮುಖ ತಿರುಗಿಸಿಕೊಂಡು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರಲ್ಲ, ಅದನ್ನು ಮಾತ್ರ ಅವಳು ಮನೆಯಲ್ಲಿ ಯಾರ ಹತ್ತಿರವೂ ಹೇಳಲಿಲ್ಲ.