ಮಶೀನಿಗಿ ಗುರ್ತು ಸಿಗದ ಧೂಳಪ್ಪ

ಸಂಶಯಾ ಪಡೂದಕ್ಕ ನನಗ ಪಗಾರ ಕೊಡ್ತಾರ. ಸುಳ್ಳಲ್ರೀ. ಪುಣೆದ ಕಂಪನಿಯವರು ಸಾಫ್ಟ್‌ವೇರ್ ಮಾಡಿ ಕಳಸ್ತಾರ, ನಾ ಉಮರ್ಗಾದಾಗ ನಮ್ಮ ಮನ್ಯಾಗ ಕುಂತು ಅದರಾಗ ಎಲ್ಲಿ ತಪ್ಪು ಅದ ಅಂತ ಹುಡಕ್ತೀನಿ. ಟೆಸ್ಟರ್ ಅಂತಾರ ಇದಕ್ಕ. ಮುರುಮ ಊರಾಗಿರೋ ನಮ್ಮ ಚಿಕ್ಕವ್ವ ಅನುಸೂಯಾಬಾಯಿ ಕಾಕು ಮಾತ್ರ, "ನಮ್ಮ ದೀಪಾಲಿ ಮಂದಿ ಅಡಗಿಯಾಗ ಹುಳುಕು ತಗದು ರೊಕ್ಕಾ ಗಳಸ್ತಾಳ" ಅಂತಾಳ.

ಈ ವಿದ್ಯಾ ನಾ ಕಾಲೇಜಿನಾಗ ಕಲ್ತಿಲ್ಲ. ಬಸ್‌ಸ್ಟ್ಯಾಂಡಿನ್ಯಾಗ ಸಿಗೋ ಪತ್ತೇದಾರಿ ಪುಸ್ತಕದಾಗ, ಸೂಟಿಯಾಗ ಕಾಕು ಸಂಗಡ ನೋಡಿದ ಸಿನಿಮಾದಾಗ ಕಲ್ತೀನಿ. ಪುಸ್ತಕದಾಗ ಮೊದಲಿಗಿ ಎಲ್ಲಾರೂ ಯಾರ ಕಡಿ ಬೊಟ್ಟು ಮಾಡ್ತಾರೋ ಅಂವಾ ಕಳ್ಳ ಇರೂದಿಲ್ಲ. ಯಾರ ಮ್ಯಾಲ ಯಾರಿಗೂ ಸಂಶಯಾ ಬರೂದಿಲ್ಲೋ, ಕಡೀಕ ಅವನೇ ಸಿಗ್ತಾನ. ಅದಕ್ಕ "ಇದು ಪಕ್ಕಾ ಅದ, ನೋಡೂದು ಬ್ಯಾಡ" ಅಂತ ಪುಣೆದವರು ಅಂದ್ರ ಸಾಕು, ನಾ ಮೊದಲ ಅದನ್ನೇ ಕೆದರ್ತೀನಿ. ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲ.

ಮೊನ್ನೆ ಕಾಕುನ ಮಗ, ನನಗ ಅಣ್ಣ ಆಗೋ ಶೈಲೇಶ ದಾದಾನ ಫೋನ್ ಬಂತು. ದಾದಾಂದು ತೊಗರಿ ವ್ಯಾಪಾರ, ಮುರುಮದ ಹೊರಗ ಗೋದಾಮ ಅದ.

"ದೀಪಾ, ನಿಮ್ಮ ಮಶೀನ್ ಕಳ್ಳನ್ನ ಹಿಡದದ. ಧೂಳಪ್ಪನ್ನ ಇವತ್ತ ಸಂಜೀಕ ಕೆಲಸಾ ಬಿಡಸ್ತೀನಿ."

ಮಶೀನ್ ಅಂದ್ರ ಮುಖಾ ನೋಡಿ ಹಜೇರಿ ಹಾಕೂದು. ನಾನೇ ಟೆಸ್ಟ್ ಮಾಡಿ ಪಾಸ್ ಮಾಡಿದ್ದು, ನಾನೇ ದಾದಾನ ತಲಿ ತಿಂದು ಗೋದಾಮಿಗಿ ಹಚ್ಚಿಸಿದ್ದು. ರಾತ್ರಿ ಕಾವಲಿನ ಧೂಳಪ್ಪ ಸಂಜಿಮುಂದ ಬಂದು ಅದಕ್ಕ ಮುಖಾ ತೋರಿಸ್ಬೇಕು. ಆದ್ರ ಅದು ದಿನಾ ಕೆಂಪು ದೀಪಾ ಹಚ್ಚಿ, ಇಂವಾ ಧೂಳಪ್ಪ ಅಲ್ಲ ಅಂತಿತ್ತು. ರವಿವಾರ ಅಷ್ಟೇ ಹಸರು ದೀಪಾ. ಅಷ್ಟೊತ್ತಿಗಿ ದಾದಾ ಮನಿ ಸೇರಿರ್ತಾನ, ಕಣ್ಣಿಲೆ ಕಂಡಾಂವಲ್ಲ. ಧೂಳಪ್ಪಗ ಧನರಾಜ ಅಂತ ತಮ್ಮ ಇದ್ದಾನ, ಅಣ್ಣಂದೇ ಅಚ್ಚು. ರವಿವಾರ ತಾ ಬಂದು, ಉಳಿದ ದಿನಾ ತಮ್ಮನ್ನ ನಿಂದರಿಸಿ, ತಾ ಮತ್ತೊಂದ ಕಡಿ ದುಡೀಲಿಕತ್ಯಾನ ಅಂತ ದಾದಾನ ಸಂಶಯಾ.

ಸುಳ್ಳುಗಾರ ಅಂತ ಬಿಡಿಸಿದ ಕಾವಲುಗಾರನ್ನ ಮುರುಮದಾಗ ಮತ್ತ ಯಾರು ಇಟ್ಕೋತಾರ? ನಾ ಶೇರಿಂಗ್ ಆಟೋ ಹಿಡದು ಓಡಿದೆ.

ಗೋದಾಮಿನ ಬಾಗಲದಾಗ ಕಾಕು ಕುರ್ಚಿ ಹಾಕ್ಕೊಂಡು ಕುಂತಿದ್ಲು. ಧೂಳಪ್ಪ ಕಾಕಾ ಹೆಗಲ ಮ್ಯಾಲ ಕಂಬಳಿ ಹಾಕ್ಕೊಂಡು ಎದುರಿಗಿ ನಿಂತಿದ್ದ.

"ದಿನಾ ನಾನೇ ಬರ್ತೀನ್ರೀ ಸಾವಕಾರ" ಅಂದ.

"ಮತ್ತ ಮಶೀನ್ ಸುಳ್ಳ ಹೇಳ್ತದೇನು?" ಅಂದ ದಾದಾ.

"ಬಾಯಿಮಾತು ಯಾಕ?" ಅಂದ್ಲು ಕಾಕು. "ಬೇಲಭಂಡಾರ ಎತ್ತಲಿ."

ಬೀರಪ್ಪನ ಒಕ್ಕಲದವರು ಪತ್ರಿ ಎಲಿ, ಭಂಡಾರದ ಅರಿಷಿಣ ಕೈಯಾಗ ಹಿಡದು ಆಣಿ ಮಾಡಿದ್ರಂದ್ರ ಮುಗೀತು, ಅದರ ಮುಂದ ಮಾತಿಲ್ಲ. ದಾದಾ ತಾಟು ತಂದಿಟ್ಟ. "ಒಂದ ದಿನಾನೂ ನನ್ನ ಬದಲಿ ಯಾರನ್ನೂ ಕಳಿಸಿಲ್ಲ ಅಂತ ಎತ್ತು."

ಧೂಳಪ್ಪ ಕಾಕಾ ಕೈ ಚಾಚಿದ. ಬೆರಳು ಭಂಡಾರಕ್ಕ ಹತ್ತಿತು. ಅಷ್ಟಕ್ಕೇ ನಿಂತು, ಆ ಬೆರಳು ಹಣಿಗಿ ಒತ್ತಿಕೊಂಡು ಕೈ ಹಿಂದ ತಗೊಂಡ. ಎತ್ತಲಿಲ್ಲ.

"ನೋಡು! ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡನಂತ!" ಅಂತ ದಾದಾ ಒದರಿದ.

ಖರೆ ಹೇಳ್ತೀನಿ, ನನಗೂ ಸಂಶಯಾ ಬಂತು. ಅಯ್ಯ ಶಿವನೇ, ಮಾಡ್ಯಾನ ಇಂವಾ. ಇಲ್ಲಂದ್ರ ಕೈ ಯಾಕ ಹಿಂದ ಹೋಗ್ತದ?

ಅವನ ಮಾರಿನೇ ದಿಟ್ಟಿಸಿ ನೋಡ್ಲಿಕತ್ತಿದ್ದೆ. ಹಣಿ ಮ್ಯಾಲ ಒಂದು ಹಳದಿ ಬೊಟ್ಟು. ಅದನ್ನ ನೋಡಿದ್ದೇ ತಡ, ನನಗ ಹಳೀ ಸಿನಿಮಾ ನೆನಪಾದವು. ಹೀರೋ ಗಲ್ಲಕ್ಕೊಂದು ಕರೀ ಮಚ್ಚಿ ಅಂಟಿಸಿಕೊಂಡ್ರ ಸಾಕು, ಹೆತ್ತ ತಾಯಿಗೇ ಗುರ್ತು ಸಿಗೂದಿಲ್ಲ! ಸಣ್ಣಾಕಿದ್ದಾಗ ನಾ ಕುರ್ಚಿ ಮ್ಯಾಲ ನಿಂತು, "ಏ ಬಾಯಿ, ಅಂವಾ ನಿನ್ನ ಮಗಾ!" ಅಂತ ಚೀರಿದ್ದೆ. ಕಾಕು ಬೆನ್ನಿಗಿ ಒಂದು ಗುದ್ದಿದ್ಲು.

"ಕಾಕಾ, ಮಶೀನಿಗಿ ಮೊದಲನೇ ಸಲ ಮುಖಾ ತೋರಿಸಿದ್ದು ಯಾವ ದಿನಾ?"

"ರವಿವಾರ ಇತ್ತವ್ವಾ. ಬೀರಪ್ಪನ ಪೂಜಾ ಮುಗಿಸಿ ಸೀದಾ ಬಂದಿದ್ದೆ."

ಮಶೀನ್ ಆ ದಿನಾ ಹಿಡಿದಿಟ್ಟ ಫೋಟೋ ನನ್ನ ಮೊಬೈಲಿನಾಗ ತಗದು ನೋಡಿದೆ. ಹಣಿ, ಹುಬ್ಬು, ಗಲ್ಲಾ ಎಲ್ಲಾ ಭಂಡಾರ. ಮಶೀನ್ ಕಲ್ತದ್ದು ಅರಿಷಿಣಾ, ಮನಷ್ಯಾನ್ನಲ್ಲ.

"ದಾದಾ, ಈ ಭಂಡಾರ ನೀ ಹಚ್ಚಿಕೋ."

"ನಾ ಯಾಕ? ವಿಭೂತಿ ಹಚ್ಚೀನಿ."

"ಅದೂ ದೇವರದೇ, ಇದೂ ದೇವರದೇ. ಹಚ್ಚಿಕೋ!" ಅಂತ ಕಾಕು ಗದರಿಸಿದ್ಲು.

ಧೂಳಪ್ಪ ಕಾಕಾ ಎರಡೂ ಕೈಲೆ ಸಾವಕಾರನ ಮಾರಿಗಿ ಭಂಡಾರ ಬಳದ. ದಾದಾ ಮಶೀನಿನ ಮುಂದ ನಿಂತ. ಹಸರು ದೀಪಾ ಹತ್ತಿತು. "ನಮಸ್ಕಾರ, ಧೂಳಪ್ಪ" ಅಂತು ಅದು.

ಕಾಕು ಸೆರಗು ಬಾಯಿಗಿ ಒತ್ತಿಕೊಂಡು ನಕ್ಕಳು, ನಗೂದು ನಿಲ್ಲಲೇ ಇಲ್ಲ.

ಅಲ್ಲಿಗಿ ಬಿಡ್ಬೇಕಿತ್ತು. ಆದ್ರ ನನ್ನ ಹುಳುಕು ಬುದ್ಧಿ ಕೇಳ್ಬೇಕಲ್ಲ! "ಮತ್ತ ಭಂಡಾರ ಯಾಕ ಎತ್ತಲಿಲ್ಲ ಕಾಕಾ?"

ಧೂಳಪ್ಪ ಕಾಕಾ ನೆಲಾ ನೋಡಿದ. "ಒಂದ ರವಿವಾರ ಧನರಾಜ ನಿಂತಿದ್ದವ್ವಾ. ನನ್ನ ಮಗಳು ಸಾರಿಕಾಗ ಉದಗೀರ ದವಾಖಾನ್ಯಾಗ ಹೆರಿಗಿ ಕಷ್ಟ ಆಗಿತ್ತು, ಹೆಂಡತಿನ್ನ ಕರಕೊಂಡು ಓಡಿದ್ದೆ. ಅವನೂ ಪೂಜಾದಿಂದ ಭಂಡಾರ ಹಚ್ಚಿಕೊಂಡೇ ಬಂದಿದ್ದ. ಮಶೀನ್ ಅವಗೂ ನಮಸ್ಕಾರ ಅಂತು. ಒಂದ ದಿನಾನೂ ಕಳಿಸಿಲ್ಲ ಅಂತ ಹ್ಯಾಂಗ ಎತ್ಲಿ?"

"ಹೇಳಿ ಹೋಗ್ಬೇಕಿಲ್ಲೋ?" ಅಂದ ದಾದಾ.

"ಫೋನ್ ಹಚ್ಚಿದ್ದೆರೀ. ನೀವು ಎತ್ತಲಿಲ್ಲ."

ಕಾಕುನ ನಗಿ ನಿಂತಿತ್ತು. ಮಗಗ ಅಂದ್ಲು, "ಅಂವಾ ಬಂದ ದಿನಾ ಬಂದಿಲ್ಲ ಅಂತು, ಬರದ ದಿನಾ ಬಂದಾನ ಅಂತು ನಿನ್ನ ಮಶೀನ್. ಖರೆ ಹೇಳಿದಾಂವಾ ಇಂವಾ ಒಬ್ಬನೇ. ಕೀಲಿ ಕೊಡು ಅವಗ."

ದಾದಾ ಕೀಲಿ ಗೊಂಚಲು ಧೂಳಪ್ಪ ಕಾಕಾನ ಕೈಯಾಗ ಇಟ್ಟ. ನನಗ ಖುಷಿ ಆಗಿತ್ತು, ಹೌದ್ರೀ, ಜಂಬಾನೂ ಬಂದಿತ್ತು. ಪುಸ್ತಕಾ ಓದಿದ್ದು ಸುಮ್ನ ಆಗಲಿಲ್ಲ ಅಂತ ಶುರು ಮಾಡಿದ್ದೆ, ದಾದಾ ಹಳದಿ ಮಾರಿ ನನ್ನ ಕಡಿ ತಿರುವಿದ.

"ಈ ಮಶೀನ್ ಪಾಸ್ ಮಾಡಿದಾಕಿ ಯಾರು?"

"ನಾ."

"ಯಾರ್‍ಯಾರ ಮುಖಾ ತೋರಿಸಿ ಪಾಸ್ ಮಾಡಿದಿ?"

ನಮ್ಮಪ್ಪಂದು, ನಮ್ಮವ್ವಂದು, ತಮ್ಮ ಧೀರಜಂದು. ಎಲ್ಲಾ ನಮ್ಮ ಮನಿಯವೇ, ಜಳಕಾ ಮಾಡಿ ಒರಸಿಕೊಂಡ ಮುಖಾ. ಬಿಸಲಿಗಿ ಕಂದಿದ್ದು, ಧೂಳು ಕುಂತಿದ್ದು, ಭಂಡಾರ ಬಡಿದಿದ್ದು ಒಂದೂ ಇಲ್ಲ. ಆದ್ರ ಪುಣೆಕ್ಕ "ಎಲ್ಲಾ ನಮೂನಿ ಮುಖಾ ನೋಡೀನಿ" ಅಂತ ಬರದು ಕಳಿಸಿದ್ದೆ. ನನ್ನ ಮ್ಯಾಲ ಯಾರಿಗೂ ಸಂಶಯಾ ಬರಲಿಲ್ಲ. ನನಗೂ ಬರಲಿಲ್ಲ.

ಕಾಕು ಬಗ್ಗಿ, ತಾಟು ಎತ್ತಿ ನನ್ನ ಮುಂದ ಹಿಡದಳು. "ತಗೋ ದೀಪಾ. ಎಲ್ಲಾ ನೋಡೇ ಪಾಸ್ ಮಾಡೀನಿ ಅಂತ ಎತ್ತು."

ಧೂಳಪ್ಪ ಕಾಕಾ ಕೀಲಿ ಹಿಡಕೊಂಡು ನನ್ನನ್ನೇ ನೋಡ್ಲಿಕತ್ತಿದ್ದ. ನಾ ಕೈ ಚಾಚಿದೆ. ಬೆರಳು ಭಂಡಾರಕ್ಕ ಹತ್ತಿತು. ಎತ್ತಲಿಕ್ಕ ಆಗಲಿಲ್ಲ.