ಗೋಡೆಯ ಮೇಲಿನ ಸಭೆ

ಗೋಡೆಯ ಮೇಲೆ ಒಬ್ಬ ಮುದುಕ ಹೋಗಿ ಇನ್ನೊಬ್ಬ ಮುದುಕ ಬಂದು ನಿಂತ. ಬಾಯಿ ಬೇರೆ, ದನಿ ಮಾತ್ರ ಅದೇ. ಬೆಳಗಿನಿಂದ ಎಷ್ಟು ಜನ ಬಂದು ಮಾತಾಡಿದರೋ, ಎಲ್ಲರ ತುಟಿಯಿಂದಲೂ ಒಬ್ಬನೇ ಗಂಡಸಿನ ತೆಳ್ಳನೆಯ ಪುಸ್ತಕದ ಕನ್ನಡ ಹೊರಡುತ್ತಿತ್ತು. ನಡುವೆ ಹೆಂಗಸೊಬ್ಬಳು ಬಂದು ನಗುತ್ತ ಮಾತಾಡಿದಾಗಲೂ ಅದೇ ಗಂಡು ದನಿ. ಅದು ತರ್ಜುಮೆ ಮಾಡುವವನದು ಎಂದು ಚಿಕ್ಕಮಾದಮ್ಮನಿಗೆ ಗೊತ್ತಿತ್ತು. ಗೊತ್ತಿದ್ದರೂ ಅವಳಿಗೆ ಪುಣಜನೂರಿನ ತವರಿನಲ್ಲಿ ಜನರ ಮೈಮೇಲೆ ದೇವರು ಬರುತ್ತಿದ್ದುದೇ ನೆನಪಾಯಿತು. ಅಲ್ಲೂ ಹಾಗೆಯೇ, ಬಾಯಿ ಯಾರದೋ, ಮಾತು ಯಾರದೋ.

ಅದು ಚಾಮರಾಜನಗರದ ಅರಿಸಿನ ಮಂಡಿಯೊಂದರ ಮೇಲಿನ ಕೋಣೆ. ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಸಭೆಯವರು ಬಾಡಿಗೆಗೆ ಹಿಡಿದಿದ್ದರು. ಎಷ್ಟು ಗುಡಿಸಿದರೂ ಕುರ್ಚಿಗಳ ಮೇಲೆ ಕೆಳಗಿನ ಹಳದಿ ಧೂಳು ಬಂದು ಕೂರುತ್ತಿತ್ತು. ಬೀದಿಯವರು ಇವರನ್ನು 'ಟೀ ಕುಡೀದ ಸಭೆ' ಎಂದು ಕರೆದು ನಗುತ್ತಿದ್ದರು. ಟೀ ಕಾಫಿ ಎರಡನ್ನೂ ಬಿಟ್ಟವರು ಎಂದರೆ ಈ ಊರಲ್ಲಿ ಯಾರು ತಾನೆ ನಂಬಿಯಾರು! ಅಮೆರಿಕದಲ್ಲಿ ಹಿರಿಯರು ಆರು ತಿಂಗಳಿಗೊಮ್ಮೆ ನಡೆಸುವ ಮಹಾಸಭೆಯನ್ನು ಇಲ್ಲಿ ಒಂದು ವಾರ ತಡವಾಗಿ, ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿಕೊಂಡು, ಗೋಡೆಯ ಮೇಲೆ ಚಿತ್ರ ಬಿಟ್ಟು ನೋಡುತ್ತಿದ್ದರು.

"ದೇವರ ಕಣ್ಣಿಗೆ ದೊಡ್ಡವರಿಲ್ಲ, ಚಿಕ್ಕವರಿಲ್ಲ. ಆತನು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಾನೆ," ಎಂದಿತು ಗೋಡೆಯ ದನಿ.

"ದೊಡ್ಡಮ್ಮ, ಆ ಸಾಲ್ನ ನೋಡು," ಪಕ್ಕದಲ್ಲಿದ್ದ ಬೃಂದಾ ಗೋಡೆಯ ಮೇಲಿನ ಹಿರಿಯರ ಸಾಲು ತೋರಿಸಿ ಪಿಸುಗುಟ್ಟಿದಳು. ನರ್ಸಿಂಗ್ ಓದುವ ಹುಡುಗಿ, ಬಾಯಿ ಸ್ವಲ್ಪ ಜಾಸ್ತಿ. "ಒಬ್ರಾದ್ರೂ ನಮ್ಮಂಗವ್ರಾ?"

"ಕೊನೇಲಿ ಒಬ್ರು ಕರ್ರಗವ್ರಲ್ಲ."

"ಒಬ್ರು!"

ಹಿಂದಿನ ಸಾಲಿನಿಂದ ಮುದುಕಿ ಗುರುಮಲ್ಲಮ್ಮ ಗದರಿದಳು. "ದೇವ್ರು ಕರ್ದೋರು ಕಣಮ್ಮಿ ಅವ್ರು. ಬಣ್ಣ ನೋಡ್ಬುಟ್ಟು ಕರ್ದಾನಾ? ಸುಮ್ನೆ ಕೂತ್ಕೊ."

ಚಿಕ್ಕಮಾದಮ್ಮನಿಗೆ ಶುಕ್ರವಾರದ ಫೋನೇ ತಲೆಯಲ್ಲಿ ತಿರುಗುತ್ತಿತ್ತು. ಈ ಗುಂಪನ್ನು ನಡೆಸುತ್ತಿದ್ದ ಸೋಮಯ್ಯ ಹೋದ ವರ್ಷ ತೀರಿಕೊಂಡ ಮೇಲೆ ಕೋಣೆಯ ಬೀಗದ ಕೈ ಅವಳ ಗಂಡ ಚಿಕ್ಕಣ್ಣನ ಸೊಂಟದಲ್ಲಿತ್ತು. ವಾರವೆಲ್ಲ ಕೆಳಗಿನ ಮಂಡಿಯಲ್ಲಿ ಮೂಟೆ ಹೊತ್ತು, ಭಾನುವಾರ ಬಿಳಿ ಅಂಗಿ ತೊಟ್ಟು ಕುರ್ಚಿ ಒರೆಸುತ್ತಿದ್ದವನು ಅವನು. ಯೇಸುವಿನ ನೆನಪಿಗೆ ರೊಟ್ಟಿ ಮುರಿದು, ನೀರಿನ ಜೊತೆ ಪ್ರಾರ್ಥಿಸಿ ಹಂಚುತ್ತಿದ್ದವನೂ ಅವನೇ. ಗುರುಮಲ್ಲಮ್ಮ ಹಾಸಿಗೆ ಹಿಡಿದಾಗ ಸೈಕಲ್ಲಿನಲ್ಲಿ ಹೋಗಿ ಆ ರೊಟ್ಟಿ ನೀರು ಕೊಟ್ಟು ಬರುತ್ತಿದ್ದ. ಮುಂದಿನ ಮುಖ್ಯಸ್ಥ ಅವನೇ ಎಂದು ಎಲ್ಲರೂ ತಿಳಿದಿದ್ದರು. ಆದರೆ ಶುಕ್ರವಾರ ಬೆಂಗಳೂರಿನ ಹಿರಿಯರಿಂದ ಫೋನು ಬಂತು. ರಾಜಶೇಖರ್ ಎಂದು ತೀರ್ಮಾನವಾಗಿದೆ, ಇಂಗ್ಲಿಷ್ ಬರುತ್ತದೆ, ಕಾರಿದೆ, ನಾಲ್ಕು ಜನರ ಜೊತೆ ಮಾತಾಡಬಲ್ಲರು ಎಂದರು. ಚಿಕ್ಕಣ್ಣ "ಆಯ್ತು ಸಾ" ಎಂದಿದ್ದ, ಅಷ್ಟೇ. ಆ ಹೆಸರನ್ನು ಓದಲು ಹಿರಿಯರೇ ಇವತ್ತು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು.

ರಾಜಶೇಖರ್ ಬೇಗೂರಿನ ದೊಡ್ಡ ಹಿಡುವಳಿಯ ಮನೆಯವನು. ದೀಕ್ಷಾಸ್ನಾನವಾಗಿ ವರ್ಷವೂ ತುಂಬಿರಲಿಲ್ಲ. ಕೆಟ್ಟವನೇನಲ್ಲ, ಇವರ ಮನೆಯಲ್ಲಿ ನೆಲಕ್ಕೆ ಕೂತು ಮುದ್ದೆ ಉಂಡು ಹೋಗಿದ್ದ. ಅವಳ ಹೊಟ್ಟೆ ಉರಿದದ್ದು ಅವನ ಮೇಲಲ್ಲ. ಊರಲ್ಲಿ ದೊಡ್ಡ ಮನೆಗಳ ಜಗಲಿಯ ಕೆಳಗೆ ನಿಂತು ಬೆಳೆದವಳು ಅವಳು. ಎಲ್ಲರ ಜೊತೆ ಒಂದೇ ಥರದ ಕುರ್ಚಿಯಲ್ಲಿ ಕೂತದ್ದು ಈ ಕೋಣೆಯಲ್ಲೇ ಮೊದಲು. ಅದಕ್ಕಾಗಿ ಅಣ್ಣತಮ್ಮಂದಿರನ್ನು ಬಿಟ್ಟಿದ್ದಳು, ಟೀಯನ್ನೂ ಬಿಟ್ಟಿದ್ದಳು. ನಿಜ ಹೇಳಬೇಕೆಂದರೆ ಎರಡನೆಯದೇ ಹೆಚ್ಚು ಕಷ್ಟವಾಗಿತ್ತು. ಇಲ್ಲೂ ಒಂದು ಜಗಲಿ ಇದೆ ಎಂದಾದರೆ ಇನ್ನು ಹೋಗುವುದೆಲ್ಲಿಗೆ?

"ಹೆಸ್ರು ಓದ್ದಾಗ ಕೈ ಎತ್ಬುಡು, ರಂಪ ಮಾಡ್ಬ್ಯಾಡ ಕಣಮ್ಮಿ," ಎಂದು ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಚಿಕ್ಕಣ್ಣ ಹೇಳಿದ್ದ. "ಇದ್ದಿದ್ದೂ ಕಳ್ಕಂಡು ಎಲ್ಲಿಗೆ ಹೋಗನ?"

ಕೈ ಎತ್ತುವುದು ಈ ಸಭೆಯ ಪದ್ಧತಿ. ಹಿರಿಯರ ಹೆಸರು ಓದಿದಾಗ ಒಪ್ಪುವವರು ಬಲಗೈ ಎತ್ತಬೇಕು. ಆಮೇಲೆ ಒಪ್ಪದವರನ್ನೂ ಕೇಳುತ್ತಾರೆ, ಆಗ ಯಾರೂ ಎತ್ತುವುದಿಲ್ಲ. ಇವರು ಗೋಡೆಯ ಸಭೆಗೂ ಕೈ ಎತ್ತುತ್ತಿದ್ದರು. ಅಲ್ಲಿ ಆ ಕೆಲಸ ಹೋದ ವಾರವೇ ಮುಗಿದಿತ್ತು, ಇವರ ಕೈ ಅಲ್ಲಿ ಯಾರಿಗೂ ಕಾಣುವುದಿಲ್ಲ. ಸೋಮಯ್ಯ ರೂಢಿ ಮಾಡಿದ್ದು, ಯಾರೂ ಬಿಟ್ಟಿರಲಿಲ್ಲ.

ಗೋಡೆಯ ಮುದುಕ ಹೆಸರುಗಳನ್ನು ಓದಿ ಮುಗಿಸಿದ. "ಅನುಮೋದಿಸುವವರು ಬಲಗೈ ಎತ್ತಿ ತೋರಿಸಿ." ಅಷ್ಟು ದೊಡ್ಡ ಸಭಾಂಗಣದ ತುಂಬ ಕೈಗಳೆದ್ದವು. ಕತ್ತಲೆಯ ಈ ಕೋಣೆಯಲ್ಲೂ ಎದ್ದವು.

"ವಿರೋಧಿಸುವವರಿದ್ದರೆ, ಅದೇ ರೀತಿ ತೋರಿಸಿ."

ಚಿಕ್ಕಮಾದಮ್ಮನ ಕೈ ಎದ್ದಿತು. ಎತ್ತಬೇಕೆಂದು ಅವಳು ಯೋಚಿಸಿರಲಿಲ್ಲ. ನೋಡಿದರೆ ಮೇಲಿತ್ತು, ತನ್ನದೇ ಕೈ, ಬಳೆಗಳು ಮೊಣಕೈಗೆ ಜಾರಿದ್ದವು.

ಮುದುಕ ನಿಂತುಬಿಟ್ಟ.

ತುಟಿ ಅರ್ಧ ತೆರೆದಿತ್ತು. ದನಿ ಕಡಿದುಹೋಗಿತ್ತು. ತಿಳಿ ನೀಲಿ ಕಣ್ಣುಗಳು ನೇರ ಅವಳ ಮೇಲಿದ್ದವು, ಹಣೆಯ ಮೇಲೆ ಒಂದು ಸಣ್ಣ ಬೆಳಕಿನ ಬಳೆ ಸುಮ್ಮನೆ ತಿರುಗುತ್ತಿತ್ತು.

"ನೆಟ್ ಹೋಯ್ತು ಅನ್ಸುತ್ತೆ," ಎಂದು ರಾಜಶೇಖರ್ ಮೊಬೈಲು ಹಿಡಿದು ಎದ್ದ. ಆಮೇಲೆ ಅವಳ ಕೈ ಕಂಡು ಅವನೂ ನಿಂತಲ್ಲೇ ನಿಂತ. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಬೃಂದಾ ಎದ್ದು ಗೋಡೆಯ ಅಂಚಿಗೆ ಸರಿದು ನೋಡಿದಳು, ಇನ್ನೂ ಆಚೆ ಸರಿದು ನೋಡಿದಳು.

"ಎಲ್ಲಿ ನಿಂತ್ರೂ ನಮ್ಮನ್ನೇ ನೋಡ್ದಂಗದೆ ದೊಡ್ಡಮ್ಮ."

"ಕಾಣ್ಬುಡ್ತು ಅವ್ರಿಗೆ," ಗುರುಮಲ್ಲಮ್ಮ ಮುಂದಕ್ಕೆ ಬಾಗಿದಳು. "ಕೈ ಇಳ್ಸವ್ವ ಮಾದಮ್ಮ. ನಿನ್ ಕಾಲಿಗ್ ಬಿದ್ದೆ, ಇಳ್ಸು."

ಇಳಿಸಬೇಕೆಂದು ಅವಳಿಗೂ ಇತ್ತು. ಕೈ ಇಳಿಯಲಿಲ್ಲ. ಭುಜದಿಂದ ಬೆರಳಿನ ತುದಿಯವರೆಗೆ ಅದು ಬೇರೆ ಯಾರದೋ ಆಗಿತ್ತು. ಕೆಳಗಿನ ರಸ್ತೆಯಲ್ಲಿ ಸತ್ಯಮಂಗಲದ ಬಸ್ಸೊಂದು ಹೋದ ಸದ್ದು ಕೇಳಿತು. ರಾಜಶೇಖರ್ ಬೆರಳಿನಿಂದ ಒತ್ತುತ್ತಲೇ ಇದ್ದ, ಏನೂ ಆಗಲಿಲ್ಲ. ಅವಳಿಗೆ ಭಯವಾಯಿತು, ಮದುವೆಯಾದ ಹೊಸತರಲ್ಲಿ ಕಾಡಂಚಿನಲ್ಲಿ ಆನೆಯ ಎದುರು ಸಿಕ್ಕಿಬಿದ್ದಾಗಲೂ ಇಷ್ಟು ಭಯವಾಗಿರಲಿಲ್ಲ.

ಚಿಕ್ಕಣ್ಣ ಎದ್ದು ಬಂದ. ತನ್ನ ಬಲಗೈಯಿಂದ ಅವಳ ಕೈಯನ್ನು ಹಿಡಿದು, ತಲೆಯ ಮೇಲಿನ ಮೂಟೆಯನ್ನು ಹುಷಾರಾಗಿ ಇಳಿಸುವಂತೆ ಅವಳ ಮಡಿಲಿಗೆ ಇಳಿಸಿ, ಹಿಡಿದ ಕೈ ಬಿಡದೆ ಬೃಂದಾ ಬಿಟ್ಟೆದ್ದ ಕುರ್ಚಿಯಲ್ಲಿ ಕೂತ.

ಆ ಕ್ಷಣಕ್ಕೆ ಗೋಡೆಯ ಮುದುಕ ರೆಪ್ಪೆ ಬಡಿದ. "ಧನ್ಯವಾದಗಳು," ಎಂದಿತು ಅದೇ ತೆಳ್ಳನೆಯ ದನಿ. "ಎಲ್ಲರ ಒಪ್ಪಿಗೆಯನ್ನೂ ಕಂಡಿದ್ದೇವೆ."

ಬೆಂಗಳೂರಿನ ಹಿರಿಯರು ಕೆಮ್ಮಿ, "ಸಾಕು, ನಿಲ್ಸಿಬಿಡಿ ಬ್ರದರ್," ಎಂದರು. ರಾಜಶೇಖರ್ ಅವಸರದಲ್ಲಿ ಒತ್ತಿದ್ದಕ್ಕೆ ಚಿತ್ರ ಹಿಂದಕ್ಕೆ ಜಾರಿ, ಸಭಾಂಗಣವೆಲ್ಲ ಕೈ ಎತ್ತಿದ ಜಾಗಕ್ಕೆ ಹೋಗಿ ನಿಂತಿತು. ಅಲ್ಲಿಂದ ಅದು ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ.

"ಇರಲಿ ಬಿಡಿ," ಎಂದು ಹಿರಿಯರು ಅದರ ಮುಂದೆಯೇ ನಿಂತರು. ಅವರ ಬಿಳಿ ಅಂಗಿಯ ಮೇಲೂ ಸಾಲು ಸಾಲು ಕೈಗಳು ಬಿದ್ದವು. "ಬ್ರದರ್ ರಾಜಶೇಖರ್ ಅವರನ್ನು ಈ ಗುಂಪಿನ ಮುಖ್ಯಸ್ಥರಾಗಿ ಕರೆಯಲಾಗಿದೆ. ಅನುಮೋದಿಸುವವರು ಬಲಗೈ ಎತ್ತಿ ತೋರಿಸಿ."

ಗುರುಮಲ್ಲಮ್ಮನ ಕೈ ಮೊದಲು ಎದ್ದಿತು. ಬೃಂದಾಳದೂ ಎದ್ದಿತು, ಕೋಣೆಯ ಉಳಿದ ಕೈಗಳೂ ಎದ್ದವು. ರಾಜಶೇಖರ್ ತಲೆ ತಗ್ಗಿಸಿದ್ದ. ಚಿಕ್ಕಮಾದಮ್ಮ ಗಂಡ ಕೈ ಬಿಡುವುದನ್ನು ಕಾದಳು. ಮತ್ತೆ ಏಳದಿರಲೆಂದು ತನ್ನ ಕೈ ಹಿಡಿದಿದ್ದಾನೆ ಎಂದುಕೊಂಡಿದ್ದಳು. ಈಗ ಬಿಡಬೇಕಲ್ಲ, ಅವನು ಎತ್ತಬೇಕಾದ ಬಲಗೈಯೂ ಅದೇ.

"ಬ್ರದರ್ ಚಿಕ್ಕಣ್ಣ?" ಎಂದರು ಹಿರಿಯರು.

ಗೋಡೆಯ ಮೇಲಿನವರ ಕೈ ಮೇಲೆಯೇ ಇತ್ತು. ಕೋಣೆಯವರ ಕೈಯೂ ಮೇಲೆಯೇ ಇತ್ತು. ಇಳಿಸಿ ಎಂದು ಯಾರೂ ಹೇಳಿರಲಿಲ್ಲ. ಆಚೆಯವರು, ಈಚೆಯವರು, ಎಲ್ಲರೂ ಈ ಎರಡು ಕುರ್ಚಿಗಳ ಕಡೆಗೇ ನೋಡುತ್ತಿರುವಂತಿತ್ತು.

"ಬುಡು," ಅವಳು ಪಿಸುಗುಟ್ಟಿದಳು. "ಬುಟ್ಬುಟ್ಟು ಎತ್ತು. ನೋಡ್ತಾವ್ರೆ."

ಚಿಕ್ಕಣ್ಣ ಗೋಡೆಯ ಕಡೆಗೇ ನೋಡುತ್ತಿದ್ದ. ಅವಳ ಮಡಿಲಲ್ಲಿ ಅವನ ಬೆರಳುಗಳು ಇನ್ನಷ್ಟು ಬಿಗಿಯಾದವು.