ಹತ್ತೊಂಬತ್ತನೆಯ ಜೋಡಿ

ಊರಿನ ಸಭಾಭವನದ ಮಹಡಿಯಲ್ಲಿ ಮೂವತ್ತೆರಡು ಜೋಡಿ ಫೋಟೋಗಳನ್ನು ತೂಗುಹಾಕಿದ್ದರು. ಎಡಕ್ಕೆ ಅಂದಿನದು, ಬಲಕ್ಕೆ ಇಂದಿನದು. ಅದೇ ಕಟ್ಟಡ, ಅದೇ ಜಾಗದಲ್ಲಿ ನಿಂತು ತೆಗೆದದ್ದು, ನಡುವೆ ಐವತ್ತು ವರ್ಷ. ನೋಡಲು ಬಂದವರು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ಹೊರಳಿಸಿ, "ಅಯ್ಯೋ, ಆಗ ಎಷ್ಟು ಚೊಕ್ಕವಾಗಿತ್ತು ನಮ್ಮೂರು!" ಎಂದು ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರು ಕೇಳುವುದಕ್ಕೆಂದೇ ರಿಟಚ್ ತಾತ ದಿನಾ ಹತ್ತು ಗಂಟೆಗೆ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ.

ಎಡಗಡೆಯ ಫೋಟೋಗಳನ್ನು ತೆಗೆದವನು ಸ್ಟುಡಿಯೋ ಯಜಮಾನ. ಅವನು ಸತ್ತು ಎಷ್ಟೋ ಕಾಲವಾಗಿತ್ತು. ತಾತನ ಕೆಲಸ ಕಿಟಕಿಯ ಪಕ್ಕ ಓರೆ ಮೇಜಿನ ಮುಂದೆ ಕೂತು ಗಾಜಿನ ನೆಗೆಟಿವ್ ತಿದ್ದುವುದು. ಪ್ರಿಂಟಿನಲ್ಲಿ ಬೆಳ್ಳಗಾಗಬೇಕಾದಲ್ಲಿ ಸೂಜಿಯಂತೆ ಹೆರೆದ ಪೆನ್ಸಿಲ್, ಕಪ್ಪಗಾಗಬೇಕಾದಲ್ಲಿ ಪುಟ್ಟ ಚಾಕು. ಎಷ್ಟು ಜನರ ಮೊಡವೆ, ಮೆಳ್ಳೆಗಣ್ಣು, ಜೋತುಬಿದ್ದ ಗಲ್ಲ ಆ ಮೇಜಿನ ಮೇಲೆ ನೆಟ್ಟಗಾಗಿದ್ದವೋ. ಕಟ್ಟಡಗಳ ಫೋಟೋ ಕ್ಯಾಲೆಂಡರಿಗೆ ಹೋಗುವುದಾದರೆ ತಿಪ್ಪೆ, ತಂತಿ ಕಂಬ, ಒಣಹಾಕಿದ ಬಟ್ಟೆ, ಮೆಟ್ಟಿಲ ಮೇಲೆ ಬಿದ್ದುಕೊಂಡ ಭಿಕ್ಷುಕ, ಎಲ್ಲವನ್ನೂ ಅವನು ಹೇಳಹೆಸರಿಲ್ಲದಂತೆ ಮಾಡುತ್ತಿದ್ದ. ಜನ ಈಗ ಬಾಯಿ ಚಪ್ಪರಿಸುತ್ತಿದ್ದ ಚೊಕ್ಕ ಊರಿನ ಅರ್ಧಪಾಲು ಅವನ ಪೆನ್ಸಿಲಿನದು. ಅವನು ಮುಖ ತಿದ್ದುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು, ಇದು ಯಾರಿಗೂ ಗೊತ್ತಿರಲಿಲ್ಲ. ತಾತನೂ ಹೇಳಿರಲಿಲ್ಲ.

ಸಭಾಭವನದ ಕಾರ್ಯದರ್ಶಿಗೆ ಅವನೆಂದರೆ ಅಚ್ಚುಮೆಚ್ಚು. "ತಾತ, ಮುಂದಿನ ಸೋಮವಾರ ಈ ಹಜಾರಕ್ಕೆ ನಿಮ್ಮ ಹೆಸರು ಇಡ್ತೀವಿ. ಹಿತ್ತಾಳೆ ಫಲಕ! ಇಷ್ಟು ವರ್ಷ ಈ ಹಳೇ ಪ್ರಿಂಟುಗಳನ್ನ ಕಾಪಾಡಿ ಕೊಟ್ಟವರು ನೀವು. ಇವು ಬರೀ ಫೋಟೋ ಅಲ್ಲ, ನಮ್ಮೂರಿನ ಸಾಕ್ಷಿ" ಎಂದಿದ್ದ. ಅಷ್ಟು ವರ್ಷ ಪ್ರತಿ ಫೋಟೋದ ಮೂಲೆಯಲ್ಲೂ ಯಜಮಾನನ ಮುದ್ರೆ ಬಿದ್ದಿತ್ತೇ ಹೊರತು ತಾತನ ಹೆಸರಿನ ಒಂದಕ್ಷರ ಎಲ್ಲೂ ಬಿದ್ದಿರಲಿಲ್ಲ. ಸಂತೋಷಕ್ಕೆ ಅವನಿಗೆ ಊಟ ಸೇರದಾಯಿತು.

ಮಂಗಳವಾರ ಬೆಳಿಗ್ಗೆ ಮೆಟ್ಟಿಲಲ್ಲಿ ತಾತನ ಅಕ್ಕನ ದನಿ ಕೇಳಿಸಿತು. "ನಿಧಾನಕ್ಕೆ ಹತ್ತಮ್ಮ, ನನ್ನ ಮಂಡಿ ನಿನ್ನಷ್ಟು ಹೊಸದಲ್ಲ."

ಅಕ್ಕ ಆ ಮಹಡಿಗೆ ಕಾಲಿಟ್ಟವಳೇ ಅಲ್ಲ. ಹಳೇ ಬ್ಯಾಂಕಿನ ಹಿಂದುಗಡೆ ಗೋಡೆಗೆ ತಗಡು ಒರಗಿಸಿ ಮಾಡಿದ ಕೋಣೆಯಲ್ಲಿ ಅವಳ ಸಂಸಾರ. ಬ್ಯಾಂಕಿನ ಕಾವಲುಗಾರನಾಗಿದ್ದ ಗಂಡ ಹೋದ ಮೇಲೆ ಅಲ್ಲೇ ಬಟ್ಟೆ ಇಸ್ತ್ರಿ ಮಾಡಿಕೊಂಡಿದ್ದಳು. ಈಗ ಪುರಸಭೆಯವರು ಗೋಡೆಯ ಸುತ್ತ ತೆರವು ಮಾಡಲು ಹೊರಟಿದ್ದರು. ಐವತ್ತು ವರ್ಷದಿಂದ ಇದ್ದವರಿಗೆ ಹೊಸ ಕಟ್ಟಡದಲ್ಲಿ ಒಂದು ಮನೆ, ಆಮೇಲೆ ಬಂದು ಸೇರಿಕೊಂಡವರಿಗೆ ಬೀದಿ. ಅಕ್ಕನ ಪತ್ರಗಳನ್ನು ಗೆದ್ದಲು ತಿಂದಿತ್ತು.

ಅವಳ ಜೊತೆ ಬಂದವಳು ಅಳತೆ ಅಧಿಕಾರಿ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಚುರುಕು ಹೆಂಗಸು. ಅಕ್ಕ ಅವಳಿಗೆ ಹೇಳುತ್ತಲೇ ಬಂದಳು: "ಪತ್ರ ಹೋದ್ರೆ ಹೋಗ್ಲಿ, ಫೋಟೋ ಇದೆಯಲ್ಲ! ನನ್ನ ತಮ್ಮನ ಸ್ಟುಡಿಯೋದವರೇ ತೆಗೆದದ್ದು. ಅವತ್ತು ನಾನು ಬಾಗಿಲಲ್ಲೇ ನಿಂತಿದ್ದೆ, ಸೊಂಟದ ಮೇಲೆ ಮಗು. ಎರಡು ತಿಂಗಳಿಗೆ ಜ್ವರ ಬಂದು ಹೋಯ್ತು ಅದು. ಅದರದ್ದು ಅಂತ ಇರೋದು ಇದೊಂದೇ ಫೋಟೋ. ನೋಡೋ ಧೈರ್ಯ ಬರಲಿಲ್ಲ ನನಗೆ ಇಷ್ಟು ವರ್ಷ." ತಾತನನ್ನು ಕಂಡು ನಕ್ಕಳು. "ಏನೋ, ದೊಡ್ಡ ಮನುಷ್ಯ ಆಗ್ಬಿಟ್ಟಿದ್ದೀಯಂತೆ! ಎಲ್ಲಿದೆ ನಮ್ಮ ಗೋಡೆ, ತೋರ್ಸು."

ತಾತ ಏಳಲಿಲ್ಲ. ಅಧಿಕಾರಿಯೇ ಹುಡುಕಿದಳು. ಹತ್ತೊಂಬತ್ತನೆಯ ಜೋಡಿ.

ಬಲಗಡೆಯದರಲ್ಲಿ ಅಕ್ಕನ ತಗಡಿನ ಕೋಣೆ ಗೋಡೆಗೆ ಹುಣ್ಣಿನಂತೆ ಅಂಟಿಕೊಂಡಿತ್ತು. ಎಡಗಡೆಯದರಲ್ಲಿ ಈ ತುದಿಯಿಂದ ಆ ತುದಿಗೆ ಬರೀ ಕಲ್ಲಿನ ಗೋಡೆ. ಕೋಣೆಯಿಲ್ಲ, ಬಾಗಿಲಿಲ್ಲ, ಯಾರೂ ಇಲ್ಲ.

ಅಕ್ಕ ಕನ್ನಡಕ ಒರೆಸಿ ಹಾಕಿಕೊಂಡಳು. ಮೂಗು ಗಾಜಿಗೆ ತಗುಲುವಷ್ಟು ಹತ್ತಿರ ಹೋದಳು. ಬೆರಳಿಟ್ಟು ಗೋಡೆಯುದ್ದಕ್ಕೂ ನಿಧಾನಕ್ಕೆ ಸವರಿದಳು.

"ಇದಲ್ಲ. ಬೇರೆ ಇರ್ಬೇಕು."

"ಇದೇ ಅಜ್ಜಿ. ಹಿಂದೆ ತಾರೀಖು ಬರೆದಿದೆ, ನೋಡಿ" ಎಂದು ಅಧಿಕಾರಿ ಫ್ರೇಮು ಎತ್ತಿ ತೋರಿಸಿದಳು. ಆಮೇಲೆ ತಾತನ ಕಡೆ ತಿರುಗಿದಳು. "ತಾತ, ನೀವೇ ಆಗ ಅಲ್ಲಿ ಕೆಲಸ ಮಾಡ್ತಿದ್ರಂತೆ. ಈ ಫೋಟೋದಲ್ಲಿ ಏನಾದ್ರೂ ತಿದ್ದಿದ್ದುಂಟಾ?"

ತಾತನಿಗೆ ಆ ಮೂರು ದಿನಗಳು ಕಣ್ಣಿಗೆ ಕಟ್ಟಿದಂತಿದ್ದವು. "ಆ ಗುಡಿಸಲು ತೆಗಿ" ಎಂದಿದ್ದ ಯಜಮಾನ. "ಅದು ನಮ್ಮಕ್ಕನ ಮನೆ" ಎಂದಿದ್ದಕ್ಕೆ, "ನಿಮ್ಮಕ್ಕನಿಗೆ ಅಂತ ಕ್ಯಾಲೆಂಡರ್ ಮಾಡ್ತಿದ್ದೀನೇನಯ್ಯಾ?" ಎಂದು ನಕ್ಕಿದ್ದ. ಮೊದಲ ದಿನ ತಗಡು ಹೋಯಿತು. ಎರಡನೆಯ ದಿನ ಅಕ್ಕ ಹೋದಳು. ಮೂರನೆಯ ದಿನ ಮಗು. ಅದು ಕ್ಯಾಮೆರಾದ ಕಡೆಗೆ ಕೈ ಚಾಚಿತ್ತು. ಪುಟ್ಟ ಬೆರಳುಗಳು, ಬಹಳ ಕಷ್ಟಪಟ್ಟಿದ್ದ. ಮುಗಿದ ಮೇಲೆ ಯಜಮಾನ ಭೂತಗನ್ನಡಿ ಹಿಡಿದು ನೋಡಿ, "ಭೇಷ್! ದೇವರಿಗೂ ಗೊತ್ತಾಗಲ್ಲ ಬಿಡು" ಎಂದಿದ್ದ. ಜನ್ಮದಲ್ಲಿ ಅಷ್ಟು ದೊಡ್ಡ ಹೊಗಳಿಕೆ ಅವನಿಗೆ ಇನ್ನೊಂದು ಸಿಕ್ಕಿರಲಿಲ್ಲ.

ಕಾರ್ಯದರ್ಶಿ ಪಕ್ಕದಲ್ಲೇ ಬಂದು ನಿಂತಿದ್ದ, ನಗುಮುಖದಲ್ಲಿ.

"ಇಲ್ಲ" ಎಂದ ತಾತ. "ಇದ್ದದ್ದು ಇದ್ದ ಹಾಗೇ."

ಅಧಿಕಾರಿ ಬರೆದುಕೊಂಡಳು. "ಶನಿವಾರ ಸಂಜೆಯೊಳಗೆ ಬೇರೆ ಏನಾದ್ರೂ ಸಿಕ್ಕರೆ ತಂದುಕೊಡಿ ಅಜ್ಜಿ" ಎಂದಳು. ಅಕ್ಕ ತಮ್ಮನ ಮುಖವನ್ನೇ ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದುಹೋದಳು.

ಶನಿವಾರ ಮಧ್ಯಾಹ್ನ ಅವನ ಕೋಣೆಗೆ ಬಂದಳು. ಕುರ್ಚಿ ಇದ್ದದ್ದು ಒಂದೇ. ಅದರಲ್ಲಿ ಅವನು ಕೂತಿದ್ದ, ಏಳಲೂ ಇಲ್ಲ. ಅಕ್ಕ ಗೋಡೆಯ ಬದಿಯ ಮರದ ಪೆಟ್ಟಿಗೆಯ ಮೇಲೆ ಕೂತಳು. ಹೊತ್ತು ತಂದಿದ್ದ ಬಟ್ಟೆಯ ಗಂಟನ್ನು ಬಿಚ್ಚಿ, "ನಿನ್ನ ಅಂಗಿ. ಸೋಮವಾರ ಹಾಕ್ಕೊಳ್ಳೋದಕ್ಕೆ. ಇಸ್ತ್ರಿ ಮಾಡಿದ್ದೀನಿ" ಎಂದಳು.

"ಯಾಕೆ ತೊಂದ್ರೆ ತಗೊಂಡೆ ಅಕ್ಕಾ."

"ತೊಂದ್ರೆ ಏನು ಬಂತು, ಕೆಂಡ ಇತ್ತು, ಒತ್ತಿದೆ." ಅಂಗಿಯನ್ನು ಅವನ ಮಡಿಲಿಗಿಟ್ಟಳು. "ನೀನೇ ಅಳಿಸಿದ್ದು ಅಂತ ನನಗೆ ಅವತ್ತೇ ಗೊತ್ತಾಯ್ತು. ಚಿಕ್ಕವನಿದ್ದಾಗ ಬೆಲ್ಲ ಕದ್ದು ನಿಲ್ತಿದ್ದೆ ನೋಡು, ಅದೇ ಮುಖ. ಹೊಟ್ಟೆಪಾಡು, ಯಜಮಾನ ಹೇಳಿದ, ಮಾಡಿದೆ. ಇರ್ಲಿ. ಆ ಗಾಜು ಎಲ್ಲಿದೆ? ಗಾಜಿನ ಮೇಲೆ ಗೀರು ಕಾಣ್ಸುತ್ತೆ ಅಂತ ನೀನೇ ಹೇಳ್ತಿದ್ದೆ. ಅದನ್ನ ತೋರ್ಸಿಬಿಡು, ಸಾಕು. ನಿನ್ನ ಹತ್ರ ಇನ್ನೇನೂ ಕೇಳಲ್ಲ."

ತಾತ ಲೆಕ್ಕ ಹಾಕಿದ. ಗಾಜು ತೋರಿಸಿದರೆ ಹತ್ತೊಂಬತ್ತರ ಮೇಲೆ ಕಲ್ಲು ಬೀಳುತ್ತದೆ. ಆಮೇಲೆ ಇಪ್ಪತ್ತು, ಇಪ್ಪತ್ತೊಂದು, ಮೂವತ್ತೆರಡೂ. ಸುಳ್ಳು ಫೋಟೋ ತಿದ್ದಿದವನಿಗೆ ಯಾರು ಹಿತ್ತಾಳೆ ಹೊಡೆಸುತ್ತಾರೆ?

"ಗಾಜೆಲ್ಲ ಆಗಲೇ ಹೋಯ್ತಕ್ಕಾ. ತೊಳೆದು, ಫ್ರೇಮಿನ ಅಂಗಡಿಗೆ ಕೊಟ್ಬಿಟ್ರು."

"ಒಂದೂ ಉಳಿದಿಲ್ವಾ?"

"ಒಂದೂ ಇಲ್ಲ."

ಅಕ್ಕ ಕೂತಿದ್ದ ಪೆಟ್ಟಿಗೆಯಲ್ಲೇ ಅವು ಇದ್ದವು, ಒಂದೊಂದಕ್ಕೂ ಕಾಗದ ಸುತ್ತಿ, ನಂಬರು ಬರೆದು. ಅವಳು ಅದರ ಮೇಲೆ ಕೈಯೂರಿ ಎದ್ದಳು.

"ಮಗು ಜ್ವರಕ್ಕೆ ಹೋಯ್ತು ಅಂದ್ಕೊಂಡಿದ್ದೆ ಕಣೋ. ಜ್ವರ ಬಂದದ್ದು ಆಮೇಲೆ. ಮೊದಲು ಒಯ್ದವನು ನೀನು."

ಅವಳು ಹೋದ ಮೇಲೆ ತಾತ ಪೆಟ್ಟಿಗೆ ತೆರೆದು ಆ ಗಾಜನ್ನು ಕೈಗೆತ್ತಿಕೊಂಡದ್ದು ನಿಜ. ಕಿಟಕಿಗೆ ಓರೆಯಾಗಿ ಹಿಡಿದರೆ ಪೆನ್ಸಿಲಿನ ಗೀರುಗಳು ಇರುವೆ ಸಾಲಿನಂತೆ ಕಂಡವು. ಗಡಿಯಾರದಲ್ಲಿ ನಾಲ್ಕೂವರೆ. ಅಧಿಕಾರಿಯ ಕಚೇರಿ ಎರಡು ಬೀದಿಯಾಚೆ. ಸೋಮವಾರ ಒಂದು ಕಳೆಯಲಿ, ಮಂಗಳವಾರ ಬೆಳಿಗ್ಗೆ ನಾನೇ ಕೊಟ್ಟುಬರುತ್ತೇನೆ, ಒಂದು ದಿನಕ್ಕೆ ಏನಾಗಿಬಿಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡು, ಗಾಜಿಗೆ ಮತ್ತೆ ಕಾಗದ ಸುತ್ತಿದ.

ಸೋಮವಾರ ಒಂಬತ್ತು ಗಂಟೆಗೆ ಯಂತ್ರ ಬಂತು. ತಗಡಿನ ಕೋಣೆ, ಕಾಲು ಗಂಟೆಯ ಕೆಲಸವೂ ಆಗಲಿಲ್ಲ. ಹತ್ತು ಗಂಟೆಗೆ ಹಜಾರದಲ್ಲಿ ಚಪ್ಪಾಳೆ ಬಿತ್ತು. ತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಫಲಕದ ಕೆಳಗೆ ನಿಂತಿದ್ದ. ಮಂಗಳವಾರ, ಇನ್ನು ಕೊಟ್ಟು ಏನು ಪ್ರಯೋಜನ ಎಂದುಕೊಂಡ.

ಅಕ್ಕ ಎಲ್ಲಿಗೂ ಹೋಗಲಿಲ್ಲ. ಯಾರೋ ಪುಣ್ಯಾತ್ಮರು ರಾತ್ರಿ ಮಲಗಲು ಜಗಲಿ ಕೊಟ್ಟಿದ್ದರಂತೆ. ಹಗಲೆಲ್ಲ ಅದೇ ಗೋಡೆಗೆ ಬೆನ್ನು ಕೊಟ್ಟು, ತಣ್ಣಗಾದ ಇಸ್ತ್ರಿಪೆಟ್ಟಿಗೆ ಮಗ್ಗುಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ತಾತ ಒಮ್ಮೆ ಕರೆಯಲು ಹೋದ. "ಮನೆಗೆ ಬಾ ಅಕ್ಕಾ" ಎಂದ. ಅವಳು ಹಾದುಹೋಗುವವರನ್ನು ನೋಡುವಂತೆ ಅವನನ್ನು ನೋಡಿ, "ಯಾರಪ್ಪಾ ನೀನು? ಕಣ್ಣು ಮಂಜು ನನಗೆ" ಎಂದಳು.

ಹದಿನೈದು ದಿನ ಕಳೆದು ಕಾರ್ಯದರ್ಶಿ ಹತ್ತೊಂಬತ್ತರ ಬಲಗಡೆಯ ಫೋಟೋ ಹೊಸದಾಗಿ ತೆಗೆಸಿದ. ಗೋಡೆ ಮತ್ತೆ ಮೊದಲಿನಂತಾಗಿದೆ, ಜನ ನೋಡಬೇಕಲ್ಲ! ಫೋಟೋದವನು ಹಜಾರದಲ್ಲೇ ಕಂಪ್ಯೂಟರ್ ತೆರೆದು ಕೂತ. ತಾತನ ಕುರ್ಚಿಯನ್ನೂ ಅವನ ಪಕ್ಕಕ್ಕೆ ಎಳೆದರು.

"ಎಲ್ಲಾ ಚೆನ್ನಾಗಿ ಬಂದಿದೆ, ಈ ಮುದುಕಿ ಒಬ್ಬಳು ಬಿಟ್ಟು" ಎಂದ ಫೋಟೋದವನು. "ಮೂರು ದಿನ ಹೋದೆ, ಮೂರು ದಿನವೂ ಅಲ್ಲೇ. ಎದ್ದೇಳಮ್ಮಾ ಅಂದ್ರೆ ಕಿವಿಯೇ ಕೇಳಲ್ವಂತೆ."

"ತೆಗೆದುಬಿಡು, ಅದಕ್ಕೇನು" ಎಂದ ಕಾರ್ಯದರ್ಶಿ.

ತಾತ ಮೂರು ದಿನ ಮಾಡಿದ್ದ ಕೆಲಸವನ್ನು ಫೋಟೋದವನು ಬೆರಳು ಎರಡು ಸಲ ಆಡಿಸಿ ಮುಗಿಸಿದ. ಅಕ್ಕ ಹೋದಳು. ಇಸ್ತ್ರಿಪೆಟ್ಟಿಗೆಯೂ ಹೋಯಿತು. ಉಳಿದದ್ದು ಬರೀ ಗೋಡೆ.

ತಾತ ಮುಂದಕ್ಕೆ ಬಾಗಿದ. ಬಾಯಿ ಮುಚ್ಚಿಕೊಂಡಿರಬೇಕೆಂದು ಅವನಿಗೆ ಗೊತ್ತಿತ್ತು. ಆದರೆ ಕಣ್ಣು ಕೇಳಲಿಲ್ಲ.

"ನೆರಳು ಬಿಟ್ಟಿದ್ದೀಯ" ಎಂದ, ಬೆರಳು ತೋರಿಸುತ್ತ. "ಅಗೋ, ನೆಲದ ಮೇಲೆ. ಆಳಿಲ್ಲದೆ ನೆರಳು ಎಲ್ಲಿಂದ ಬಂತು ಅಂತ ಕೇಳಲ್ವಾ ಯಾರಾದ್ರೂ?"

"ಅಬ್ಬಾ! ಕಣ್ಣು ಅಂದ್ರೆ ನಿಮ್ಮದು ತಾತ" ಎಂದು ಫೋಟೋದವನು ಅದನ್ನೂ ಒರೆಸಿದ.

ತಾತ ಇನ್ನೊಮ್ಮೆ ಪೂರ್ತಿ ನೋಡಿದ, ಈ ತುದಿಯಿಂದ ಆ ತುದಿಗೆ. ಕೊಂಚ ಹೊತ್ತು ಹಿಡಿಯಿತು. ಆಮೇಲೆ ತಲೆಯಾಡಿಸಿ, "ಈಗ ಸರಿ" ಎಂದ.